ಪಾತ್ರದ ಚಿತ್ರ, ಪಾತ್ರದ ಮಾತು: ಕೂಡಿ ಬರೆಯುವ ಕಥೆಗಳ ಬಗ್ಗೆ ಒಂದು ಟಿಪ್ಪಣಿ

ಹಲವರು ಸೇರಿ ಒಂದೇ ಕಥೆ ಬರೆಯುವ ರೂಢಿ ಈಗ ಅಂತರ್ಜಾಲದಲ್ಲಿದೆ. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು ಆ ಪಾತ್ರವಾಗಿಯೇ ಬರೆಯುತ್ತಾರೆ, ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಮುಂದುವರಿಸುತ್ತಾರೆ. ಶುರುವಿನಲ್ಲಿ ಪಾತ್ರದ ವಿವರಣೆ ಕೊಡಬೇಕು, ಅದರ ಜೊತೆಗೆ ಸಾಮಾನ್ಯವಾಗಿ ಒಂದು ಚಿತ್ರವೂ ಇರುತ್ತೆ. ಆ ಚಿತ್ರ ಏನು ಮಾಡುತ್ತೆ ಅನ್ನೋದು ನನ್ನ ಪ್ರಶ್ನೆ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾದರಿ ಯಕ್ಷಗಾನ. ಒಂದೇ ಪ್ರಸಂಗ ಬಯಲಾಟವೂ ಆಗುತ್ತದೆ, ತಾಳಮದ್ದಳೆಯೂ ಆಗುತ್ತದೆ. ಬಯಲಾಟದಲ್ಲಿ ಪಾತ್ರ ಬಾಯಿ ತೆರೆಯುವ ಮೊದಲೇ ವೇಷ ಅರ್ಧ ಹೇಳಿಬಿಟ್ಟಿರುತ್ತದೆ. ತೆಂಕುತಿಟ್ಟಿನಲ್ಲಿ ಮುಖದ ತುಂಬ ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ ಕಂಡರೆ ರಾಕ್ಷಸ ಅಂತ ಮಗುವಿಗೂ ಗೊತ್ತು. ಬಡಗಿನಲ್ಲಿ ಕೇದಗೆ ಮುಂದಲೆ ಕಂಡರೆ ಅಭಿಮನ್ಯುವಿನಂಥ ಎಳೆಯ ವೀರ. ಆದರೆ ವೇಷ ಹೇಳೋದು ಎಂಥವನು ಅನ್ನೋದನ್ನ, ಯಾರು ಅನ್ನೋದನ್ನಲ್ಲ. ಈ ಅಭಿಮನ್ಯು ತಾಯಿಯ ಮುಂದೆ ಹೇಗೆ ಮಾತಾಡ್ತಾನೆ ಅನ್ನೋದು ಮಾತಿಗೇ ಬಿಟ್ಟದ್ದು. (ತೊಗಲುಗೊಂಬೆಯವರು ಇದನ್ನು ಬಲ್ಲರು, ಸಂದರ್ಭ ಬದಲಾದರೆ ಅದೇ ಪಾತ್ರಕ್ಕೆ ಬೇರೆ ಗೊಂಬೆ ತೆಗೆಯುತ್ತಾರೆ.)

ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಪಂಚೆ, ಶಾಲಿನಲ್ಲಿ ಕೂತ ಅರ್ಥಧಾರಿ ಅದಕ್ಕೆ ಆಶುವಾಗಿ ಅರ್ಥ ಹೇಳಬೇಕು. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿಯೋ ರಾವಣನಾಗಿಯೋ ಕೂತಾಗ ಕಿರೀಟ ಇದ್ದದ್ದು ಮಾತಿನಲ್ಲೇ. ಪಾತ್ರ ತನ್ನ ಬಗ್ಗೆ ಮೊದಲು ಹೇಳಿಕೊಳ್ಳುವ ಪೀಠಿಕೆ ಇದೆಯಲ್ಲ, ನಮ್ಮ ಪಾತ್ರವಿವರಣೆಗೆ ಅದೇ ಅಣ್ಣ. ಒಳ್ಳೆಯ ಪೀಠಿಕೆಯಲ್ಲಿ ಎದುರಿನವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ: ಒಂದು ಗರ್ವ, ಒಂದು ಹಳೆಯ ಸೇಡು, ಒಂದು ಅನುಮಾನ. ಚಿತ್ರದಲ್ಲಿ ಅದು ಸಿಗೋದು ಕಷ್ಟ. ಕಣ್ಣಿನ ಬಣ್ಣಕ್ಕೆ ಯಾರು ಏನಂತ ಉತ್ತರ ಕೊಡಬೇಕು?

ನೀಲಗಿರಿಯಲ್ಲಿ ಈ ಪ್ರಶ್ನೆ ಬರೀ ಅಂದಚೆಂದದ್ದಲ್ಲ. ಉದಕಮಂಡಲದ ಹತ್ತಿರದ ಒಂದು ಹಟ್ಟಿಯ ಬಡಗ ಅಜ್ಜಿ ನಮ್ಮ ಕಥೆಗೆ ಬೇಕು ಅಂದ್ಕೊಳ್ಳಿ. ಬಡಗ ಹೆಂಗಸರ ಸಾಂಪ್ರದಾಯಿಕ ಉಡುಗೆ ಬಿಳಿ: ಮುಂಡು, ತುಂಡು, ತಲೆಗೆ ಪಟ್ಟು. ಬರೆಯುವವರು ಅವಸರದಲ್ಲಿ ನೀಲಗಿರಿ ಅಂತ ಹುಡುಕಿ, ಕೆಂಪು-ಕಪ್ಪು ಕಸೂತಿಯ ಬಿಳಿ ಹೊದಿಕೆ ಹೊದ್ದ ಹೆಂಗಸಿನ ಫೋಟೋ ಅಂಟಿಸುತ್ತಾರೆ. ಅದು ತೋಡರ ಪುತ್ಕುಳಿ; ಆ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಮುಂದೆ ಬರೆಯುವವರು ಫೋಟೋ ನಂಬಿ ಅವಳಿಗೆ ಎಮ್ಮೆ ಮಂದೆ ಕೊಡುತ್ತಾರೆ, ತೋಡರ ಮಂದ್‌ನಲ್ಲಿ ಮನೆ ಕಟ್ಟುತ್ತಾರೆ. ವಿವರಣೆಯಲ್ಲಿ ‘ಬಡಗ’ ಅಂತ ಇದ್ದರೂ ಗೆದ್ದದ್ದು ಚಿತ್ರ. ಎರಡು ಸಮುದಾಯಗಳು ಒಬ್ಬ ಅಜ್ಜಿಯಲ್ಲಿ ಕಲಸಿಹೋದವು. ಫೋಟೋದಲ್ಲಿರುವ ಹೆಂಗಸನ್ನಂತೂ ಯಾರೂ ಕೇಳಿಲ್ಲ.

ಇನ್ನೊಂದು ನಷ್ಟ ನಮಗೆ, ಕನ್ನಡದವರಿಗೆ. ಅವಳ ಬಡಗ ಮಾತು ಕನ್ನಡಕ್ಕೆ ತೀರಾ ಹತ್ತಿರದ ನೆಂಟ. ಅದನ್ನು ಕನ್ನಡದ ವಾಕ್ಯದೊಳಗೆ ಕೇಳಿಸೋದು ಹೇಗೆ ಅನ್ನೋದೇ ಬರವಣಿಗೆಯ ನಿಜವಾದ ಕೆಲಸ. ಮುಖ ಸಿಕ್ಕಿತು ಅಂದಕೂಡಲೇ ಆ ಕೆಲಸ ಮುಗಿಯಿತು ಅನ್ನಿಸಿಬಿಡುತ್ತೆ.

ಚಿತ್ರ ಬೇಡ ಅಂತ ನಾನು ಹೇಳ್ತಿಲ್ಲ. ಮೊದಲು ಪೀಠಿಕೆ ಬರೆಯೋಣ. ಚಿತ್ರ ಹಾಕೋದಾದರೆ ಮುಖಕ್ಕಿಂತ ಜಾಗವನ್ನು, ವಸ್ತುವನ್ನು ಹಾಕೋಣ: ಹಟ್ಟಿಯ ಸಾಲುಮನೆ, ಚಹಾ ತೋಟದ ಇಳಿಜಾರು. ಎಲ್ಲಿಯದು, ಯಾರದು ಅಂತ ಕೆಳಗೆ ಒಂದು ಸಾಲು ಇರಲಿ. ಅಜ್ಜಿಯ ಮುಖ ಹೇಗಿದೆ ಅನ್ನೋದನ್ನು ಅವಳ ಜೊತೆ ಮಾತಾಡುವ ಪಾತ್ರಗಳೇ ಬರೆಯಲಿ.