ತಂತ್ರಾಂಶದ ಕೆಲಸವೂ ಮಾತಿನ ಕೆಲಸವೇ

ಗಣಕಯಂತ್ರದ ವಿಷಯವಾಗಿ ಕನ್ನಡದ ಮೇಷ್ಟರೊಬ್ಬರು ಮಾತನಾಡಹೊರಟರೆ ಕೆಲವರಿಗೆ ವಿಚಿತ್ರವೆನಿಸಬಹುದು. ಪ್ರೋಗ್ರಾಮ್ ಬರೆಯುವ ವಿದ್ಯೆ ನನಗೆ ತಿಳಿಯದು. ಆದರೆ ತಂತ್ರಾಂಶವೊಂದು ರೂಪುಗೊಳ್ಳುವುದನ್ನು ಮೊದಲಿನಿಂದ ಕೊನೆಯವರೆಗೆ ಹತ್ತಿರ ಕುಳಿತು ನೋಡುವ ಅವಕಾಶ ನಿವೃತ್ತಿಯ ಬಳಿಕ ನನಗೆ ಒದಗಿತು. ಅಲ್ಲಿ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಊರಿನ ಕೆಲವು ಗೆಳೆಯರು ಸೇರಿ ಸುತ್ತಲ ಹಳ್ಳಿಗಳ ಬೇಸಾಯದ ಪದಗಳನ್ನು ಚೀಟಿಗಳಲ್ಲಿ ಬರೆದಿಟ್ಟಿದ್ದೆವು. ಅವುಗಳಲ್ಲಿ ಹೆಚ್ಚಿನ ಪಾಲು, ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಹಿರಿಯರೊಬ್ಬರು ಮೂವತ್ತು ವರ್ಷ ಸೈಕಲ್ ತುಳಿದು ಕೂಡಿಸಿದ್ದು. ಗೆದ್ದಲು ಮುಟ್ಟುವ ಮುನ್ನ ಅವನ್ನು ಗಣಕಕ್ಕೆ ಸೇರಿಸಬೇಕೆಂಬುದು ನಮ್ಮ ಆಸೆ. ಭಾಷಾ ತರಗತಿಯಲ್ಲಿ ನನ್ನಿಂದ ಕನ್ನಡ ಪಾಠ ಕೇಳಿ, ಈಗ ಎಂಜಿನಿಯರ್ ಆಗಿರುವ ಹುಡುಗಿಯೊಬ್ಬಳು ಇಬ್ಬರು ಸಂಗಡಿಗರೊಡನೆ ಆ ಕೆಲಸಕ್ಕೆ ಒಪ್ಪಿದಳು.

"ಏನು ಬೇಕು, ಸಾರ್?" ಎಂದು ಕೇಳಿದಳು.

"ಪದ ಹುಡುಕಿದರೆ ಅರ್ಥ ಸಿಗಬೇಕಮ್ಮಾ, ಅಷ್ಟೇ" ಎಂದೆ.

ಆ 'ಅಷ್ಟೇ'ಯನ್ನು ಬಿಡಿಸಲು ನಾಲ್ಕು ಸಂಜೆಗಳು ಬೇಕಾದವು. 'ಹೊಲದಲ್ಲಿ' ಎಂದು ಹುಡುಕಿದರೆ 'ಹೊಲ' ಸಿಗಬೇಕೇ? ಒಂದೇ ಪದಕ್ಕೆ ಎರಡು ಹಳ್ಳಿಗಳಲ್ಲಿ ಎರಡು ಅರ್ಥವಿದ್ದರೆ ಯಾವುದು ಮೊದಲು? ತಪ್ಪು ಕಂಡರೆ ತಿದ್ದುವ ಅಧಿಕಾರ ಯಾರದು? ಬೇಕಾದದ್ದೇನು ಎಂಬುದನ್ನು ಹೀಗೆ ಬರಹದಲ್ಲಿ ಖಚಿತಪಡಿಸಿಕೊಳ್ಳುವುದೇ ಮೊದಲ ಹಂತ. ಎಂಜಿನಿಯರರು ಇದನ್ನು 'ರಿಕ್ವೈರ್‌ಮೆಂಟ್' ಎನ್ನುತ್ತಾರೆ. ಬಳಿಕ ವಿನ್ಯಾಸ, ಬರವಣಿಗೆ, ಪರೀಕ್ಷೆ, ಕೊನೆಯಲ್ಲಿ ಪಾಲನೆ.

ಈ ಹಂತಗಳನ್ನು ಒಂದರ ಕೆಳಗೊಂದಾಗಿ, ನೀರು ಮೆಟ್ಟಿಲಿಳಿಯುವಂತೆ ಚಿತ್ರಿಸುವುದುಂಟು. ಅಮೆರಿಕದ ವಿನ್‌ಸ್ಟನ್ ರಾಯ್ಸ್ 1970ರ ಲೇಖನವೊಂದರಲ್ಲಿ ಅಂಥ ಚಿತ್ರ ಬರೆದರು. ಆದರೆ ಹಾಗೆ ಒಮ್ಮುಖವಾಗಿ ಸಾಗುವುದು ಅಪಾಯಕರವೆಂದು ಎಚ್ಚರಿಸಿದವರೂ ಅವರೇ. ಚಿತ್ರವನ್ನು ಹಲವರು ಹಿಡಿದುಕೊಂಡರು, ಎಚ್ಚರಿಕೆಯನ್ನು ಬಿಟ್ಟರು. 2001ರಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ 17 ಮಂದಿ ತಜ್ಞರು ಸೇರಿ, ಸ್ವಲ್ಪ ಸ್ವಲ್ಪವೇ ಮಾಡಿ, ಬಳಸುವವರಿಗೆ ತೋರಿಸಿ, ತಿದ್ದಿಕೊಂಡು ಮುಂದುವರಿಯುವ ಮಾರ್ಗವನ್ನು ಎತ್ತಿಹಿಡಿದರು. ಇಂದು 'ಅಜೈಲ್' ಎಂಬ ಹೆಸರಿನಿಂದ ಬಳಕೆಯಲ್ಲಿರುವುದು ಈ ಮಾರ್ಗವೇ. ಕರಡು ತಿದ್ದಿ ಬಲ್ಲ ಲೇಖಕರಿಗೆ ಇದು ಹೊಸ ಮಾತೇನಲ್ಲ.

ನನ್ನನ್ನು ಬಹುವಾಗಿ ಸೆಳೆದದ್ದು ಅವರು ಪಾಠಾಂತರಗಳನ್ನು ಕಾಯ್ದಿಡುವ ಬಗೆ. ಯಾರು, ಯಾವಾಗ, ಯಾವ ಸಾಲನ್ನು, ಏಕೆ ಬದಲಿಸಿದರು ಎಂಬುದೆಲ್ಲ ದಾಖಲಾಗುತ್ತದೆ. ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ 'ಗಿಟ್' ಎಂಬ ಸಾಧನ ಈ ಕೆಲಸಕ್ಕೆ ಹೆಸರಾಗಿದೆ. ನಮ್ಮ ಓಲೆಗರಿಗಳ ಲಿಪಿಕಾರರು ಇಂಥ ದಾಖಲೆ ಇಟ್ಟಿದ್ದರೆ ಗ್ರಂಥಸಂಪಾದಕರ ಎಷ್ಟು ಜಗಳಗಳು ಉಳಿಯುತ್ತಿದ್ದವೋ!

ಕೆಲಸ ತಡವಾಯಿತು. ನಾನು ಹಿರಿತನದ ಗತ್ತಿನಿಂದ ಕಾಲೇಜಿನ ನಾಲ್ವರು ಹುಡುಗರನ್ನು ಕರೆತಂದು ಕೂರಿಸಿದೆ. ಅದು ಇನ್ನಷ್ಟು ತಡವಾಯಿತು. ಕಾರಣ ಸರಳ. ಮೂವರಿದ್ದಾಗ ಪರಸ್ಪರ ಮಾತನಾಡಿಕೊಳ್ಳಬೇಕಾದ ಜೋಡಿಗಳು 3. ಏಳು ಮಂದಿಯಾದಾಗ 21. ಆ ಹುಡುಗಿಯ ಸಂಜೆಗಳೆಲ್ಲ ಹೊಸಬರಿಗೆ ವಿವರಿಸುವುದರಲ್ಲೇ ಕಳೆದವು. ಈ ಸತ್ಯವನ್ನು ಫ್ರೆಡರಿಕ್ ಬ್ರೂಕ್ಸ್ ಎಂದೋ ಹೇಳಿದ್ದರು. 1964ರಲ್ಲಿ ಐಬಿಎಂ ಸಂಸ್ಥೆ ಪ್ರಕಟಿಸಿದ 'ಸಿಸ್ಟಂ 360' ಗಣಕಗಳಿಗೆ ಬೇಕಾದ ಬೃಹತ್ ತಂತ್ರಾಂಶದ ನಿರ್ಮಾಣವನ್ನು ಮುನ್ನಡೆಸಿದವರು ಅವರು. ಅದು ತಡವಾದ ಅನುಭವದಿಂದ 1975ರಲ್ಲಿ ಬರೆದ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಪುಸ್ತಕದಲ್ಲಿ, ತಡವಾದ ತಂತ್ರಾಂಶದ ಕೆಲಸಕ್ಕೆ ಆಳುಗಳನ್ನು ಸೇರಿಸಿದರೆ ಅದು ಮತ್ತಷ್ಟು ಹಿಂದೆ ಬೀಳುತ್ತದೆಂದು ತೋರಿಸಿಕೊಟ್ಟರು. ಗದ್ದೆಯ ನಾಟಿಗೆ ಹತ್ತಾಳು ಹೆಚ್ಚು ಬಂದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಒಂದೇ ಕಾವ್ಯವನ್ನು ಹತ್ತು ಕವಿಗಳಿಗೆ ಹಂಚಿಕೊಟ್ಟರೆ ಬೇಗ ಮುಗಿದೀತೇ? ಹುಡುಗರನ್ನು ಚೀಟಿ ಓದಿ ತಾಳೆನೋಡುವ ಕೆಲಸಕ್ಕೆ ಹಚ್ಚಿ, ಧ್ವನಿಮುದ್ರಣ ಸೇರಿಸುವ ಆಸೆಯನ್ನು ಮುಂದಕ್ಕೆ ಹಾಕಿದೆವು. ಆಮೇಲೆ ದಾರಿ ಕಂಡಿತು.

ಕೊನೆಗೊಂದು ದಿನ ಎಲ್ಲರನ್ನೂ ಕರೆದೆವು. ಹಿರಿಯ ಉಪಾಧ್ಯಾಯರು ಬಸ್ಸು ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ತಾವೇ ಹುಡುಕಲೆಂದು ಗಣಕವನ್ನು ಅವರ ಮುಂದಿಟ್ಟೆವು. ಅವರು 'ಕೊಳಗ' ಎಂದು ಅಕ್ಷರ ಒತ್ತಿದರು. ಧಾನ್ಯ ಅಳೆಯುವ ಹಳೆಯ ಮಾಪಕ ಅದು. ಅವರೇ ಬರೆದುಕೊಟ್ಟಿದ್ದ ಚೀಟಿ. "ಈ ಪದ ಇಲ್ಲ" ಎಂದಿತು ಯಂತ್ರ. ಅವರು ಮತ್ತೊಮ್ಮೆ ಒತ್ತಿದರು. ಮತ್ತೆ ಅದೇ ಉತ್ತರ. "ಇರಲಿ ಬಿಡಿ, ಮೇಷ್ಟ್ರೇ" ಎಂದು ಎದ್ದರು. ಆ ಹೊತ್ತಿನ ಅವರ ಮುಖ ನನ್ನ ಕಣ್ಣಿಗೆ ಇನ್ನೂ ಕಟ್ಟಿದೆ.

ದೋಷ ಇದ್ದದ್ದು ಒಂದು ಒಕಾರದಲ್ಲಿ. ಕನ್ನಡದ ಅಕ್ಷರಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ 'ಕೊ' ಎಂಬುದರ ಒಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು. ಎಕಾರ, ಊಕಾರಗಳ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಎರಡೂ ಸಮಾನವೆಂದೇ ಆ ವ್ಯವಸ್ಥೆಯ ನಿಯಮ. ಕಣ್ಣಿಗೆ ಭೇದವಿಲ್ಲ, ಆದರೆ ನಿಯಮವನ್ನು ತಿಳಿಸಿಕೊಡದ ಹೊರತು ಯಂತ್ರಕ್ಕೆ ಅವು ಬೇರೆ ಬೇರೆ. ಹಳೆಯ ಅಕ್ಷರವಿನ್ಯಾಸದಿಂದ ಪರಿವರ್ತಿಸಿಕೊಂಡ ಚೀಟಿಗಳಲ್ಲಿ ಜೋಡಿಸಿದ ರೂಪ ಕುಳಿತಿತ್ತು. ನಾವು ಪರೀಕ್ಷಿಸಿದ್ದು ಹೊಸದಾಗಿ ಬೆರಳಚ್ಚು ಮಾಡಿದ ಪದಗಳನ್ನು ಮಾತ್ರ. ನಮಗೆ ಗೊತ್ತಿದ್ದ ಪ್ರಶ್ನೆಯನ್ನೇ ಕೇಳಿಕೊಂಡು ನಾವೇ ಉತ್ತೀರ್ಣರಾಗಿದ್ದೆವು! ಪರೀಕ್ಷೆ ಬಳಸುವವನ ಕೈಯಲ್ಲಿ ನಡೆಯಬೇಕೆಂಬುದನ್ನು ಕಲಿಯಲು ಆ ಹಿರಿಯರ ಅವಮಾನ ಬೇಕಾಯಿತು.

ಎರಡು ಸಂಜೆಗಳಲ್ಲಿ ಹುಡುಗಿ ಅದನ್ನು ಸರಿಪಡಿಸಿದಳು. ಗಣಕವನ್ನು ಕೈಯಲ್ಲಿ ಹಿಡಿದು ಇಬ್ಬರೂ ಅವರ ಮನೆಗೆ ಹೋದೆವು. 'ಕೊಳಗ' ಸಿಕ್ಕಿತು. ಕನ್ನಡಕ ಸರಿಪಡಿಸಿಕೊಂಡು ಓದಿದ ಅವರು, "ಈ ಅಳತೆ ನಮ್ಮ ಸೀಮೆಯದಲ್ಲ, ಪಕ್ಕದ ಸೀಮೆಯದು. ಯಾರೋ ಚೀಟಿ ಅದಲುಬದಲು ಮಾಡಿದ್ದಾರೆ" ಎಂದರು.

ಇದು ಸಣ್ಣ ತಪ್ಪೆಂದು ನಗಬೇಡಿ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆ ಮಂಗಳಗ್ರಹಕ್ಕೆ ಕಳುಹಿಸಿದ ನೌಕೆಯೊಂದು ನಷ್ಟವಾದದ್ದು ಇಂಥ ತಪ್ಪಿನಿಂದಲೇ. ಒಂದು ತಂಡದ ತಂತ್ರಾಂಶ ಬಲವನ್ನು ಪೌಂಡಿನ ಲೆಕ್ಕದಲ್ಲಿ ಕೊಟ್ಟಿತು. ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದು ತಿಳಿಯಿತು. ಗಣಿತ ಸರಿಯಾಗಿಯೇ ಇತ್ತು. ಇಬ್ಬರ ಕೊಳಗ ಬೇರೆಯಾಗಿತ್ತು.

ಆದ್ದರಿಂದ ಈ ಕೆಲಸ ಎಂಜಿನಿಯರರಿಗೆ ಮಾತ್ರ ಸೇರಿದ್ದೆಂದು ನಾವು ದೂರ ಕುಳಿತುಕೊಳ್ಳಲಾಗದು. ಕೇಳುವವನು ಏನು ಕೇಳಿದ, ಮಾಡುವವನು ಏನೆಂದು ತಿಳಿದ ಎಂಬುದರ ನಡುವಣ ಅಂತರವನ್ನು ತುಂಬಬೇಕಾದದ್ದು ಭಾಷೆ. ಭಾಷೆ ಬಲ್ಲವರು ಅಲ್ಲಿ ಜೊತೆಗೆ ಕುಳಿತುಕೊಳ್ಳಲೇಬೇಕು.

ಕೊಳಗದ ಅಳತೆಯನ್ನು ಹುಡುಗಿ ಅವರ ಜಗಲಿಯಲ್ಲೇ ಕುಳಿತು ತಿದ್ದಿದಳು. ತಿದ್ದಿದ ದಿನಾಂಕದ ಪಕ್ಕದಲ್ಲಿ, ತಿದ್ದಿಸಿದವರೆಂದು ಆ ಹಿರಿಯರ ಹೆಸರೂ ಈಗ ದಾಖಲಾಗಿದೆ.