ನೀಲಗಿರಿಯ ಬಿಳಿ ಬಟ್ಟೆ, ಕೆಂಪು–ಕಪ್ಪು ನೂಲು

ಊಟಿಗೆ ಹೋದವರು ಸಸ್ಯೋದ್ಯಾನ ಸುತ್ತುತ್ತಾರೆ, ಕೆರೆಯಲ್ಲಿ ದೋಣಿ ಹತ್ತುತ್ತಾರೆ, ವರ್ಕಿ, ಚಾಕೊಲೇಟು ಕಟ್ಟಿಸಿಕೊಂಡು ಗೂಡಲೂರಿನ ದಾರಿಯಲ್ಲಿ ಇಳಿದು ಮೈಸೂರು ಸೇರುತ್ತಾರೆ. ಪೇಟೆಯಿಂದ ಸುಮಾರು 10 ಕಿಲೋಮೀಟರ್ ದೂರದ ಮುತ್ತೊರೈ ಪಾಲಾಡದ ಕಡೆ ತಿರುಗುವವರು ಕಡಿಮೆ. ಕ್ಯಾರೆಟ್, ಆಲೂಗಡ್ಡೆ ಹೊಲಗಳ ನಡುವಿನ ಆ ಊರಿನಲ್ಲಿ ತಮಿಳುನಾಡು ಸರ್ಕಾರದ ಬುಡಕಟ್ಟು ಸಂಶೋಧನಾ ಕೇಂದ್ರವೂ ಅದರ ವಸ್ತುಸಂಗ್ರಹಾಲಯವೂ ಇವೆ.

ಕೇಂದ್ರ ಸರ್ಕಾರ 'ವಿಶೇಷವಾಗಿ ದುರ್ಬಲ' ಎಂದು ಗುರುತಿಸಿರುವ ತಮಿಳುನಾಡಿನ ಆರು ಬುಡಕಟ್ಟುಗಳೂ ನೀಲಗಿರಿ ಜಿಲ್ಲೆಯಲ್ಲಿವೆ: ತೋಡರು, ಕೋಟರು, ಕುರುಂಬರು, ಇರುಳರು, ಪಣಿಯರು, ಕಾಟ್ಟುನಾಯಕರು. ಅವರ ಉಡುಪು, ಒಡವೆ, ಉಪಕರಣಗಳು, ಮನೆಗಳ ಮಾದರಿಗಳು ಈ ಸಂಗ್ರಹಾಲಯದಲ್ಲಿ ನೋಡಸಿಗುತ್ತವೆ.

ಈ ಬೆಟ್ಟದ ಬಟ್ಟೆಗಳನ್ನು ಸಂಗ್ರಹಾಲಯಕ್ಕೆಂದು ಕೂಡಿಹಾಕುವ ಕೆಲಸ ಇಂದು ನಿನ್ನೆಯದಲ್ಲ. 1871ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನವರು ಮೂಲನಿವಾಸಿಗಳ ಆಯುಧ, ಆಭರಣ, ಉಡುಪು, ಪಾತ್ರೆಪಡಗಗಳು ಬೇಕೆಂದು ಪ್ರಾಂತೀಯ ಸರ್ಕಾರಗಳನ್ನು ಕೇಳಿಕೊಂಡರು. ನೀಲಗಿರಿಯಲ್ಲಿ ಆ ಹೊಣೆ ಬಿದ್ದದ್ದು ಜಿಲ್ಲೆಯ ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಮೇಲೆ. ಮರುವರ್ಷವೇ ಆತ ತೀರಿಕೊಂಡ. ಇಲ್ಲಿನ ಬುಡಕಟ್ಟುಗಳ ಕುರಿತ ಅವನ ಬರಹವನ್ನು ಹೆಂಡತಿ ಹೊಂದಿಸಿ 1873ರಲ್ಲಿ ಪುಸ್ತಕವಾಗಿ ಹೊರತಂದಳು. ಊಟಿಯ ಬ್ರೀಕ್ಸ್ ಶಾಲೆಗೆ ಇರುವುದು ಅವನದೇ ಹೆಸರು.

ನೀಲಗಿರಿಯ ಉಡುಪುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ತೋಡರ ಪೂತ್ಕುಳಿ. ಗಂಡಸರೂ ಹೆಂಗಸರೂ ಹೊದೆಯುವ, ದಪ್ಪ ಹತ್ತಿಯ ಬಿಳಿ ಶಾಲು ಇದು. ಎರಡು ಪದರವಾಗಿ ಮಡಚಿ ಹೊಲಿದಿರುವುದರಿಂದ ಒಳಗೆ ದೊಡ್ಡದೊಂದು ಜೇಬೂ ಇರುತ್ತದೆ. ಅಂಚಿನಲ್ಲಿ ಕೆಂಪು, ಕಪ್ಪು ಪಟ್ಟೆಗಳನ್ನು ನೇಯ್ದೇ ತಂದಿರುತ್ತಾರೆ. ಪಟ್ಟೆಗಳ ನಡುವಿನ ಜಾಗ ತೋಡ ಹೆಂಗಸರ ಸೂಜಿಗೆ ಮೀಸಲು. ಎಮ್ಮೆಯ ಕೊಂಬು, ಜೇನುಗೂಡಿನ ಕಣ್ಣು, ಬೆಟ್ಟದ ಸಾಲು, ಹೂವು ಎಲ್ಲವೂ ಅಲ್ಲಿ ಮೂಡುವುದು ಗೆರೆ, ಚೌಕ, ತ್ರಿಕೋನಗಳಾಗಿ.

ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಕ್ರಮವಿಲ್ಲ, ಎದುರಿಗೆ ನಕಲು ಹಾಳೆಯೂ ಇಲ್ಲ. ಬೆರಳ ತುದಿಯಲ್ಲಿ ಎಳೆ ಎಣಿಸುತ್ತ, ಇಷ್ಟು ಎಳೆ ಬಿಟ್ಟು ಇಷ್ಟು ಎಳೆ ಎತ್ತಿ ಸೂಜಿ ಸಾಗಿಸುತ್ತಾರೆ. ಕೆಲಸ ನಡೆಯುವುದು ಬಟ್ಟೆಯ ಹಿಂಬದಿಯಿಂದ. ಮುಗಿದ ಮೇಲೆ ಅದು ಸೂಜಿಯ ಕೆಲಸವೋ ಮಗ್ಗದ್ದೋ ಎಂದು ಹೊಸಬರು ಅನುಮಾನಿಸುವಷ್ಟು ಬಿಗಿ. ಧಾರವಾಡದ ಕಡೆಯವರಿಗೆ ಇದೇನೂ ಪೂರ್ತಿ ಅಪರಿಚಿತವಲ್ಲ. ಇಳಕಲ್ ಸೀರೆಯ ಮೇಲಿನ ಕಸೂತಿಯೂ ಎಳೆ ಎಣಿಸಿಯೇ ಹಾಕುವಂಥದ್ದು. ಗವಂತಿ, ಮುರ್ಗಿ, ಮೆಂತಿಗಳ ಜೊತೆಗೆ ಅಲ್ಲಿರುವ 'ನೇಗಿ' ಹೊಲಿಗೆಯಂತೂ ನೇಯ್ಗೆಯನ್ನೇ ಅನುಕರಿಸುತ್ತದೆ. ತೋಡರ ಕೈಕೆಲಸಕ್ಕೆ ಹತ್ತಿರದ ನೆಂಟ ಬೇಕೆಂದರೆ ಅದೇ.

ಪೂತ್ಕುಳಿ ಬರಿಯ ಚಳಿಯ ಹೊದಿಕೆಯಲ್ಲ. ಮದುವೆ, ಗುಡಿಯ ಹಬ್ಬಗಳಲ್ಲಿ ಅದು ಬೇಕೇ ಬೇಕು. ಸತ್ತವರನ್ನು ಸುತ್ತುವುದೂ ಕಸೂತಿ ಹಾಕಿದ ಹೊಸ ಪೂತ್ಕುಳಿಯಲ್ಲೇ. ತೋಡರ ಸಂಖ್ಯೆ ಎರಡು ಸಾವಿರದ ಆಸುಪಾಸು. ಇಷ್ಟು ಚಿಕ್ಕ ಸಮುದಾಯದ ಕಲೆ ಇನ್ನೂ ಉಳಿದಿರುವುದಕ್ಕೆ ಈ ಬಳಕೆಯೇ ಮುಖ್ಯ ಕಾರಣ, ಸಂಗ್ರಹಾಲಯವಲ್ಲ.

ಗಮನಿಸಬೇಕಾದ ಇನ್ನೊಂದು ಮಾತಿದೆ. ತೋಡರು ನೇಯುವವರಲ್ಲ. ಬಟ್ಟೆ ಹಿಂದಿನಿಂದಲೂ ಬಯಲುಸೀಮೆಯ ಮಗ್ಗಗಳಿಂದಲೇ ಬೆಟ್ಟ ಹತ್ತಿ ಬಂದದ್ದು. ಇದೇ ಬೆಟ್ಟದ ಬಡಗರ ವಿಷಯದಲ್ಲಿ ಬಯಲಿನೊಡನೆಯ ಈ ನಂಟಿಗೆ ಒಳ್ಳೆಯ ಸಾಕ್ಷಿಯೇ ಇದೆ. ಮೈಸೂರು ಸೀಮೆಯಿಂದ ಬಂದವರೆಂದು ಹೇಳಲಾಗುವ, ಕನ್ನಡಕ್ಕೆ ತೀರ ಹತ್ತಿರದ ಮಾತನ್ನಾಡುವ ಬಡಗರಿಗೆ ಹೆತ್ತೆಯಮ್ಮ ದೊಡ್ಡ ದೇವತೆ. ಕೋತಗಿರಿ ಬಳಿಯ ಬೇರಗಣಿಯಲ್ಲಿ ನಡೆಯುವ ಅವಳ ಹಬ್ಬದ ಬಗ್ಗೆ ಜನಾಂಗ ಅಧ್ಯಯನಕಾರ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತು 1909ರಲ್ಲಿ ಪ್ರಕಟವಾದ ತನ್ನ ಸಂಪುಟಗಳಲ್ಲಿ ಬರೆದಿದ್ದಾನೆ. ಹಬ್ಬಕ್ಕೆ ಮುಂಚೆ ಕೊಯಮತ್ತೂರು ಸೀಮೆಯಿಂದ ದೇವಾಂಗ ನೇಕಾರನೊಬ್ಬ ನೂಲು, ಮಗ್ಗ ಹೊತ್ತು ಬರುತ್ತಿದ್ದ. ಮಗ್ಗಕ್ಕೆ ಪೂಜೆಯಾಗಿ, ದೇವತೆಗೆಂದು ಒಂದು ದುಪ್ಪಟಿ, ಒಂದು ಪೇಟದ ಬಟ್ಟೆ ಅಲ್ಲೇ ನೇಯಲಾಗುತ್ತಿತ್ತು. ಕೊಯಮತ್ತೂರಿನ ದೇವಾಂಗರಲ್ಲಿ ಹಲವರ ಮನೆಮಾತು ಕನ್ನಡ ಎಂಬುದನ್ನು ಇಲ್ಲಿ ನೆನೆಯಬಹುದು.

ಇವತ್ತಿಗೂ ಹೆತ್ತೆ ಹಬ್ಬದ ದಿನ ಬಡಗ ಹೆಂಗಸರು ಬಿಳಿ ಬಟ್ಟೆ ಸುತ್ತಿ, ತಲೆಗೆ ಮಂಡೆಪಟ್ಟು ಕಟ್ಟುತ್ತಾರೆ. ಗಂಡಸರೂ ಬಿಳಿಯಲ್ಲೇ ಇರುತ್ತಾರೆ. ಡಿಸೆಂಬರ್–ಜನವರಿಯ ಆ ದಿನಕ್ಕೆ ಜಿಲ್ಲಾಡಳಿತ ಸ್ಥಳೀಯ ರಜೆ ಕೊಡುತ್ತದೆ. ಉಳಿದ ದಿನಗಳಲ್ಲಿ ಇದೇ ಜನ ಜೀನ್ಸ್, ಚೂಡಿದಾರ್, ಸ್ವೆಟರುಗಳಲ್ಲಿ ಪೇಟೆಯಲ್ಲಿ ಎದುರಾಗುತ್ತಾರೆ. ಅದರಲ್ಲಿ ಕೊರಗುವಂಥದ್ದೇನಿಲ್ಲ. ಜೀವಂತ ಜನರನ್ನು ನೋಡಲು ಬಂದು, ಅವರು ಗಾಜಿನ ಪೆಟ್ಟಿಗೆಯ ಬೊಂಬೆಗಳ ಹಾಗಿಲ್ಲವೆಂದು ಬೇಸರಪಡುವುದು ಪ್ರವಾಸಿಗರ ಚಾಳಿ.

ಮತ್ತೆ ತೋಡರ ಕಸೂತಿಗೆ ಬಂದರೆ, ಅದಕ್ಕೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ತೋಡರದೇ ಒಂದು ಸಂಘ, ಕೋತಗಿರಿಯ ಕೀಸ್ಟೋನ್ ಫೌಂಡೇಶನ್, ಸರ್ಕಾರದ ಕರಕುಶಲ ನಿಗಮ ಪೂಂಪುಹಾರ್ ಇದಕ್ಕಾಗಿ ಓಡಾಡಿದ್ದವು. ಈಗ ಶಾಲಿನ ಜೊತೆಗೆ ಚೀಲ, ಮೇಜುಹಾಸು, ಮೊಬೈಲ್ ಪೌಚುಗಳ ಮೇಲೂ ಅದೇ ಎಮ್ಮೆಕೊಂಬು ಬಂದಿದೆ. ಬೆನ್ನಿಗೇ ಯಂತ್ರದ ಕಸೂತಿಯೂ ಅಚ್ಚು ಹಾಕಿದ ನಕಲುಗಳೂ ಬಂದಿವೆ.

ಹಾಗಾಗಿ ಕೊಳ್ಳುವವರು ಮೊದಲು ಮುತ್ತೊರೈ ಪಾಲಾಡಕ್ಕೆ ಹೋಗಿ ಕಣ್ಣು ಪಳಗಿಸಿಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ಶಾಲನ್ನು ತಿರುವಿ ಹಿಂಬದಿ ನೋಡಿ. ಅಚ್ಚಿನದಾದರೆ ಅಲ್ಲಿ ಹೊಲಿಗೆಯೇ ಇರುವುದಿಲ್ಲ. ಕೈಯದಾದರೆ ಎಳೆ ಎಣಿಸಿ ಹಾಕಿದ ನೂಲು ಎರಡೂ ಬದಿಯಲ್ಲಿ ಬೆರಳಿಗೆ ತಾಗುತ್ತದೆ. ಒಂದೊಂದು ಶಾಲಿಗೂ ವಾರಗಟ್ಟಲೆ ಕೆಲಸ ಹಿಡಿಯುತ್ತದೆ, ಬೆಲೆಯೂ ಅದಕ್ಕೆ ತಕ್ಕಂತಿರುತ್ತದೆ, ಚೌಕಾಸಿಗೆ ಇಳಿಯಬೇಡಿ.