200 ಕಿಲೋಮೀಟರಿನ ಬಾಣ, 40 ಕಿಲೋಮೀಟರಿನ ಕಾವಲು

"ಕಾಕಾ, ಇರಾನ್ ಹತ್ರ ರಷ್ಯಾದ ಎಸ್-300 ಇತ್ತಲ್ಲ, ತಾವೇ ಮಾಡಿದ ಬಾವರ್-373 ಇತ್ತಲ್ಲ, ಮತ್ಯಾಕ ಏನೂ ತಡೀಲಿಲ್ಲ?"

2025ರ ಜೂನ್ ತಿಂಗಳಲ್ಲಿ ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿದಾಗ ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯ ಕಟ್ಟೆಯ ಮೇಲೆ ಗದಗಿನ ಕಡೆಯ ಹುಡುಗನೊಬ್ಬ ನನ್ನನ್ನು ಕೇಳಿದ ಪ್ರಶ್ನೆ ಇದು. ಅವನ ಅಣ್ಣ ದೋಹಾದಲ್ಲಿದ್ದಾನೆ. ಜೂನ್ 23ರ ರಾತ್ರಿ ಇರಾನಿನ ಕ್ಷಿಪಣಿಗಳು ಕತಾರಿನ ಅಲ್ ಉದೈದ್ ನೆಲೆಯ ಕಡೆ ಹಾರಿದಾಗ ಆ ಮನೆಯಲ್ಲಿ ಯಾರೂ ಮಲಗಲಿಲ್ಲ. ನಾನು ವಾಯುಪಡೆಯಲ್ಲಿ ಪೆಚೋರಾ ಕ್ಷಿಪಣಿ ಸ್ಕ್ವಾಡ್ರನ್ನಿನ ರೇಡಾರ್ ಫಿಟ್ಟರ್ ಆಗಿದ್ದವನು. ಜಾಲಹಳ್ಳಿಯಲ್ಲಿ ಕೆಲಸ ಕಲಿತವನು. ಆದ್ದರಿಂದ ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವುದು ನನ್ನ ಹೊಣೆ ಎಂದುಕೊಂಡಿದ್ದೇನೆ.

ಮೊದಲು ಇರಾನಿಗೆ ಕ್ಷಿಪಣಿ ತಡೆಯುವ ಹಂಬಲ ಹುಟ್ಟಿದ್ದು ಎಲ್ಲಿಂದ ಎಂದು ತಿಳಿಯಬೇಕು. 1988ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇರಾಕಿನ ಅಲ್ ಹುಸೇನ್ ಕ್ಷಿಪಣಿಗಳು ಟೆಹರಾನಿನ ಮೇಲೆ ಒಂದರ ಹಿಂದೊಂದು ಬಿದ್ದವು. ಜನ ಊರು ಬಿಟ್ಟು ಓಡಿದರು. ಷಾ ಕಾಲದಲ್ಲಿ ಅಮೆರಿಕದಿಂದ ಕೊಂಡ ಹಾಕ್ ಕ್ಷಿಪಣಿಗಳು ವಿಮಾನ ಹೊಡೆಯಲು ಇದ್ದವೇ ಹೊರತು ಆಕಾಶದಿಂದ ಬೀಳುವ ಕ್ಷಿಪಣಿಯನ್ನು ತಡೆಯಲು ಅಲ್ಲ. 2007ರಲ್ಲಿ ಇರಾನ್ ರಷ್ಯಾದೊಂದಿಗೆ ಎಸ್-300 ಖರೀದಿಯ ಒಪ್ಪಂದ ಮಾಡಿಕೊಂಡಿತು. 2010ರಲ್ಲಿ ವಿಶ್ವಸಂಸ್ಥೆಯ ನಿರ್ಬಂಧ ಬಂದಾಗ ರಷ್ಯಾ ಕೈಯೆತ್ತಿತು. ಕೊನೆಗೆ ಸಾಮಾನು ಕೈಸೇರಿದ್ದು 2016ರಲ್ಲಿ. ಆ ನಡುವಿನ ವರ್ಷಗಳಲ್ಲಿ ಅವರು ತಾವೇ ಒಂದನ್ನು ಕಟ್ಟತೊಡಗಿದರು. 2019ರ ಆಗಸ್ಟ್‌ನಲ್ಲಿ ಜಗತ್ತಿಗೆ ತೋರಿಸಿದ ಬಾವರ್-373 ಅದೇ. 300 ಕಿ.ಮೀ. ದೂರದಲ್ಲಿ ಗುರಿ ಕಾಣುತ್ತದೆ, 200 ಕಿ.ಮೀ. ದೂರದಲ್ಲಿ ಹೊಡೆಯುತ್ತದೆ ಎಂದು ಅವರ ರಕ್ಷಣಾ ಸಚಿವರೇ ಹೇಳಿದರು.

ಇರಾನಿನ ಎಂಜಿನಿಯರುಗಳು ಸಾಮಾನ್ಯರಲ್ಲ. ಅದೇ ವರ್ಷದ ಜೂನ್ 20ರಂದು ಅವರ 'ಮೂರನೇ ಖೊರ್ದಾದ್' ಎಂಬ ಕ್ಷಿಪಣಿ ವ್ಯವಸ್ಥೆ ಅಮೆರಿಕ ನೌಕಾಪಡೆಯ ದೈತ್ಯ ಗ್ಲೋಬಲ್ ಹಾಕ್ ಡ್ರೋನನ್ನು ಹೊರ್ಮುಜ್ ಜಲಸಂಧಿಯ ಬಳಿ ಹೊಡೆದುರುಳಿಸಿತ್ತು. ಆದರೆ ನಿಧಾನವಾಗಿ, ಎತ್ತರದಲ್ಲಿ, ಒಂದೇ ದಾರಿಯಲ್ಲಿ ಹಾರುವ ಡ್ರೋನ್ ಬೇರೆ, ಬ್ಯಾಲಿಸ್ಟಿಕ್ ಕ್ಷಿಪಣಿ ಬೇರೆ.

ಹೇಗೆ ಬೇರೆ? ಎಸ್-300ರದೇ ಅಂಕಿ ನೋಡಿ. ಇರಾನಿಗೆ ಬಂದ ಪಿಎಂಯು-2 ಮಾದರಿಯ ಕ್ಷಿಪಣಿ ವಿಮಾನವನ್ನು ಸುಮಾರು 200 ಕಿ.ಮೀ. ದೂರದಲ್ಲಿ ಹೊಡೆಯಬಲ್ಲದು. ಅದೇ ಕ್ಷಿಪಣಿ, ಅದೇ ಲಾಂಚರ್. ಬರುತ್ತಿರುವುದು ಬ್ಯಾಲಿಸ್ಟಿಕ್ ಕ್ಷಿಪಣಿಯಾದರೆ ವ್ಯಾಪ್ತಿ 40 ಕಿ.ಮೀ.ಗೆ ಇಳಿಯುತ್ತದೆ. ಇದು ತಯಾರಕರೇ ಕೊಟ್ಟ ಲೆಕ್ಕ. ಟಿವಿಯವರು 200 ಎಂಬ ಸಂಖ್ಯೆಯನ್ನು ಮಾತ್ರ ಪರದೆ ತುಂಬ ತೋರಿಸುತ್ತಾರೆ. ಒಂದು ನಗರವನ್ನು ಕಾಯುವವನಿಗೆ ಬೇಕಾದದ್ದು ಆ 40.

ಕಾರಣ ಸಮಯ. ಪ್ರಯಾಣಿಕರ ಜೆಟ್ ವಿಮಾನ ಸೆಕೆಂಡಿಗೆ ಸುಮಾರು 250 ಮೀಟರ್ ಹೋಗುತ್ತದೆ. ನೂರು ಕಿಲೋಮೀಟರ್ ದಾಟಲು ಆರು ನಿಮಿಷದ ಮೇಲೆ ಬೇಕು. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದ ಬ್ಯಾಲಿಸ್ಟಿಕ್ ಕ್ಷಿಪಣಿಯ ಸಿಡಿತಲೆ ಕೆಳಗಿಳಿಯುವಾಗ ಸೆಕೆಂಡಿಗೆ ಮೂರು ಕಿಲೋಮೀಟರ್ ಹತ್ತಿರ ಇರುತ್ತದೆ. ಪುಣೆಯಿಂದ ಡೊಂಬಿವಲಿಗೆ ಹಕ್ಕಿ ಹಾರುವ ದೂರ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದನ್ನು ದಾಟಲು ಆ ಸಿಡಿತಲೆಗೆ ಬೇಕಾದದ್ದು, ನಮ್ಮ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ನಿಂತು ಹೊರಡುವಷ್ಟು ಹೊತ್ತು. ಅಷ್ಟರಲ್ಲಿ ರೇಡಾರ್ ಅದನ್ನು ಕಾಣಬೇಕು, ಅದು ಬೀಳುವ ಜಾಗ ಲೆಕ್ಕ ಹಾಕಬೇಕು, ಪ್ರತಿಕ್ಷಿಪಣಿ ಮೇಲೇರಿ ಎದುರಾಗಬೇಕು.

ಎದುರಾದರೂ ಸಾಲದು. ವಿಮಾನದ ಹತ್ತಿರ ಸಿಡಿದು ರೆಕ್ಕೆಗೆ ನಾಲ್ಕು ಚೂರು ತಗುಲಿಸಿದರೆ ಅದರ ಕೆಲಸ ಮುಗಿಯಿತು. ಬೀಳುತ್ತಿರುವ ಸಿಡಿತಲೆಗೆ ಚೂರು ತಗುಲಿದರೆ ಅದು ಬೀಳುತ್ತಲೇ ಇರುತ್ತದೆ, ಹೆಚ್ಚುಕಡಿಮೆ ಅದೇ ಜಾಗಕ್ಕೆ. ಅದನ್ನು ನೇರವಾಗಿ ಗುದ್ದಬೇಕು, ಇಲ್ಲವೇ ಸಿಡಿತಲೆಯೇ ನಾಶವಾಗುವಂತೆ ತೀರ ಸಮೀಪದಲ್ಲಿ ಸಿಡಿಯಬೇಕು. 1991ರ ಫೆಬ್ರವರಿ 25ರಂದು ಸೌದಿಯ ಧಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯ ಗಡಿಯಾರದ ಲೆಕ್ಕ ಒಂದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಿತ್ತು. ಇರಾಕಿನ ಸ್ಕಡ್ ಬಂದು ಸೈನಿಕರ ವಸತಿಗೆ ಬಿತ್ತು. ಸತ್ತವರು 28 ಮಂದಿ.

2024ರ ಫೆಬ್ರವರಿಯಲ್ಲಿ ಇರಾನ್ 'ಅರ್ಮಾನ್' ಎಂಬ ಹೊಸ ವ್ಯವಸ್ಥೆಯನ್ನು ಬ್ಯಾಲಿಸ್ಟಿಕ್ ಕ್ಷಿಪಣಿ ತಡೆಯಲೆಂದೇ ಮಾಡಿದ್ದು ಎಂದು ತೋರಿಸಿತು. ಆರು ಗುರಿಗಳನ್ನು ಒಟ್ಟಿಗೆ ಎದುರಿಸುತ್ತದೆ, ವ್ಯಾಪ್ತಿ 120ರಿಂದ 180 ಕಿ.ಮೀ. ಎಂದಿತು. ಆಗಲೂ ನಾನು ಕೇಳಿಕೊಂಡದ್ದು ಒಂದೇ: ಯಾವ ಗುರಿಯ ವಿರುದ್ಧ 180? ಸಿಡಿತಲೆಯೋ, ವಿಮಾನವೋ? ಪ್ರದರ್ಶನದ ಮೈದಾನದಲ್ಲಿ ನಿಲ್ಲಿಸಿದ ಲಾರಿ ಇದಕ್ಕೆ ಉತ್ತರ ಹೇಳುವುದಿಲ್ಲ. ಹಾರಿಬಂದ ಕ್ಷಿಪಣಿಯನ್ನು ಮತ್ತೆ ಮತ್ತೆ ಹೊಡೆದು ತೋರಿಸಬೇಕು.

ಉಳಿದ ಕಥೆ ಕಣ್ಣಿನದು. ಬಾಣ ಎಷ್ಟೇ ಉದ್ದವಿರಲಿ, ರೇಡಾರ್ ಹೋದರೆ ಅದು ಕಬ್ಬಿಣದ ಕೊಳವೆ. 2024ರ ಏಪ್ರಿಲ್‌ನಲ್ಲಿ ಇಸ್ಫಹಾನ್ ಬಳಿ ಎಸ್-300ರ ರೇಡಾರ್ ಏಟು ತಿಂದದ್ದು ಉಪಗ್ರಹ ಚಿತ್ರಗಳಲ್ಲಿ ಕಂಡಿತು. ಅಕ್ಟೋಬರ್ 26ರ ದಾಳಿಯಲ್ಲಿ ಇಸ್ರೇಲ್ ಮತ್ತೆ ಅವನ್ನೇ ಗುರಿ ಮಾಡಿತು. 2025ರ ಜೂನ್ 13ರ ಬೆಳಗಿನ ಜಾವ ಇರಾನಿನ ಒಳಗಿನಿಂದಲೇ ಹಾರಿದ ಸಣ್ಣ ಡ್ರೋನ್‌ಗಳೂ ವಾಯುರಕ್ಷಣೆಯ ಮೇಲೆ ಎರಗಿದವು. ಕಟ್ಟೆಯ ಮೇಲಿನ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಇರಾನಿನಲ್ಲಿ ಕ್ಷಿಪಣಿಗಳಿಗೆ ಕೊರತೆ ಇರಲಿಲ್ಲ, ಒಂದು ಕಣ್ಣು ಹೋದರೆ ಇನ್ನೊಂದು ಕಣ್ಣು ನೋಡುವಂತಹ ಜಾಲ ಗಟ್ಟಿಯಾಗಿರಲಿಲ್ಲ.

ಇನ್ನೊಂದು ಘಟನೆ ನನ್ನಂಥವನನ್ನು ಇವತ್ತಿಗೂ ಕಾಡುತ್ತದೆ. 2020ರ ಜನವರಿ 8ರ ಮುಂಜಾನೆ ಟೆಹರಾನಿನಿಂದ ಮೇಲೆದ್ದ ಉಕ್ರೇನಿನ ಪ್ರಯಾಣಿಕ ವಿಮಾನವನ್ನು ಇರಾನಿನದೇ ಟೋರ್-ಎಂ1 ವಾಯುರಕ್ಷಣಾ ಘಟಕ ಎರಡು ಕ್ಷಿಪಣಿ ಹಾರಿಸಿ ಕೆಡವಿತು. 176 ಜನ ಸತ್ತರು. ಆ ಘಟಕವನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಸಿದ ಮೇಲೆ ರೇಡಾರಿನ ಉತ್ತರ ದಿಕ್ಕನ್ನು ಸರಿಹೊಂದಿಸಿರಲಿಲ್ಲ ಎಂದು ಇರಾನಿನ ತನಿಖಾ ವರದಿಯೇ ಹೇಳಿತು. ನೂರು ಡಿಗ್ರಿಗೂ ಹೆಚ್ಚು ವ್ಯತ್ಯಾಸ. ಮೇಲಿನ ಕೇಂದ್ರದೊಂದಿಗೆ ಸಂಪರ್ಕ ಸಿಗಲಿಲ್ಲ, ನಿರ್ಧಾರಕ್ಕೆ ಇದ್ದದ್ದು ಹತ್ತು ಸೆಕೆಂಡು ಎಂದು ಅವರ ಸೇನಾಧಿಕಾರಿ ಹೇಳಿದರು. ಘಟಕ ಸ್ಥಳಾಂತರವಾದೊಡನೆ ನಮ್ಮ ಸ್ಕ್ವಾಡ್ರನ್ನಿನಲ್ಲಿ ನಾವು ಮಾಡುತ್ತಿದ್ದ ಮೊದಲ ಕೆಲಸವೇ ಉತ್ತರ ಹಿಡಿಯುವುದು. ಮಳೆಯಿರಲಿ, ಚಳಿಯಿರಲಿ, ವಾರಂಟ್ ಆಫೀಸರ್ ತಾವೇ ಬಂದು ನೋಡಿ ಸಹಿ ಹಾಕದೆ ಯಾರೂ ಊಟಕ್ಕೆ ಏಳುತ್ತಿರಲಿಲ್ಲ. 176 ಜೀವಗಳು ಆ ಒಂದು ಸಹಿಯ ಬೆಲೆ.

ನಮ್ಮ ದೇಶದ ವಿಷಯದಲ್ಲೂ ಇದೇ ಅಳತೆಗೋಲು ಹಿಡಿಯೋಣ. ಬೆಂಗಳೂರಿನವರಾದ ಡಾ. ಪ್ರಹ್ಲಾದ ರಾಮರಾವ್ ಯೋಜನಾ ನಿರ್ದೇಶಕರಾಗಿ ರೂಪಿಸಿದ ಆಕಾಶ್ ಕ್ಷಿಪಣಿ ಹೆಮ್ಮೆಯ ಆಯುಧ. ಅದರ ರಾಜೇಂದ್ರ ರೇಡಾರ್ ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯದ್ದು. 2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಆಕಾಶ್ ಜೊತೆಗೆ ನಮ್ಮ ಹಳೆಯ ಪೆಚೋರಾ ಕೂಡ ಕೆಲಸ ಮಾಡಿತು ಎಂದು ಸರಕಾರ ಹೇಳಿದಾಗ ನನ್ನ ಕಣ್ಣು ತೇವವಾಯಿತು. ಆದರೆ ಇವೆರಡೂ ವಿಮಾನ, ಡ್ರೋನ್‌ಗಳನ್ನು ಹೊಡೆಯಲು ಮಾಡಿದವು. ಬ್ಯಾಲಿಸ್ಟಿಕ್ ಕ್ಷಿಪಣಿ ತಡೆಯುವುದು ಬೇರೆಯೇ ಯೋಜನೆ: 2006ರ ನವೆಂಬರ್ 27ರಂದು ಸುಮಾರು 50 ಕಿ.ಮೀ. ಎತ್ತರದಲ್ಲಿ ಮೊದಲ ಡಿಕ್ಕಿ, 2022ರ ನವೆಂಬರ್ 2ರಂದು ಎರಡನೇ ಹಂತದ ಎಡಿ-1 ಪ್ರತಿಕ್ಷಿಪಣಿಯ ಮೊದಲ ಪರೀಕ್ಷೆ. ಅದು ಇನ್ನೂ ಬೆಳೆಯುತ್ತಿರುವ ಕೆಲಸ. ಇಂಥ ರಕ್ಷಣಾ ಉಪಕರಣಗಳ ಹಿಂದಿನ ದುಡಿಮೆ ನಮ್ಮ ಮನೆಯಿಂದ ದೂರವಿಲ್ಲ. ನವಿ ಮುಂಬೈಯ ತಳೋಜಾದಲ್ಲಿ ಬಿಇಎಲ್ ಘಟಕವಿದೆ. ಎಲೆಕ್ಟ್ರಾನಿಕ್ ಉಪಕರಣ ಹೊತ್ತು ಸಾಗುವ ಶೆಲ್ಟರ್‌ಗಳು ಅಲ್ಲಿ ತಯಾರಾಗುತ್ತವೆ. ರೇಡಾರಿನವನಿಗೆ ಶೆಲ್ಟರ್ ಎಂದರೆ ಮನೆ. ಒಳಗೆ ಧೂಳು, ಸೆಕೆ, ತೇವ ಹೊಕ್ಕರೆ ಪರದೆಯ ಮೇಲಿನ ಚುಕ್ಕೆಯನ್ನು ನಂಬುವಂತಿಲ್ಲ.

ಜಗತ್ತಿನ ಯಾವ ವ್ಯವಸ್ಥೆಯೂ ನೂರಕ್ಕೆ ನೂರು ತಡೆಯುವುದಿಲ್ಲ. ಅಲ್ಪಸ್ವಲ್ಪ ನುಸುಳಿಯೇ ನುಸುಳುತ್ತದೆ. ಅದಕ್ಕೇ 2025ರ ಮೇ 7ರ ನಾಗರಿಕ ರಕ್ಷಣಾ ಅಣಕು ಕವಾಯತಿನ ಪಟ್ಟಿಯಲ್ಲಿ ಮುಂಬೈ, ತಾರಾಪುರಗಳ ಜೊತೆ ಉರಣ ಇತ್ತು, ಠಾಣೆಯೂ ಇತ್ತು. ಉರಣದಲ್ಲಿ ತೈಲ, ಅನಿಲ, ಬಂದರು. ಠಾಣೆಯಲ್ಲಿ ಲಕ್ಷಾಂತರ ಜನ. ನಮ್ಮ ಸೊಸೈಟಿಯಲ್ಲಿ ಅಂದು ಕೆಳಗಿಳಿದು ಬಂದವರು ಕೆಲವೇ ಮಂದಿ. ಮುಂದಿನ ಸಲ ಸೈರನ್ ಮೊಳಗಿದಾಗ ದಯವಿಟ್ಟು ಬಾಲ್ಕನಿಗೆ ಬಂದು ಮೊಬೈಲ್ ಎತ್ತಬೇಡಿ. ದೀಪ ಆರಿಸಿ, ಗ್ಯಾಸ್ ಬಂದ್ ಮಾಡಿ, ಮನೆಯ ಹಿರಿಯರ ಕೈಹಿಡಿದು ಕಿಟಕಿಯಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗಿ. ಆ ಜಾಗ ಎಲ್ಲಿದೆ ಎಂದು ಇವತ್ತೇ ಗುರುತು ಮಾಡಿಕೊಳ್ಳಿ.